ಎರಿ ಮಣ್ಣು, ಯೆಜ್ಡಿ, ಅಪ್ಪನ ವಹಿ: ಕಚ್ಚಾ ದಾರಿಯ ಗಾಡಿ ಇಷ್ಟು ಸೋವಿಯಾಗಿ ಓಡಿದ್ದು ಹೇಗೆ?

ಇವತ್ತಿನ ಕಥೆ ಒಂದು ಸದ್ದು ನಿಂತುಹೋದ ಜಾಗದಿಂದ ಶುರುವಾಗುತ್ತೆ.

ಕಳೆದ ವರ್ಷ ಜೂನ್ ತಿಂಗಳು, ಒಂದು ಭಾನುವಾರ. ನವಲಗುಂದ ಕಡೆ ಮಳೆ ಬಿದ್ದು ಎರಡು ದಿನ ಆಗಿತ್ತು. ನಾನು ಅಪ್ಪನ ಹಳೇ ಯೆಜ್ಡಿ ತಗೊಂಡು ಮಲಪ್ರಭಾ ಕಾಲುವೆ ದಂಡೆ ಮೇಲೆ ಹೊರಟಿದ್ದೆ. ಕೆಲಸ ಅಂತ ಏನೂ ಇರಲಿಲ್ಲ. ಮಣ್ಣಲ್ಲಿ ಗಾಡಿ ಓಡಿಸೋ ಖುಷಿ, ಅಷ್ಟೇ. ಕಾಲುವೆಯಿಂದ ಇಳಿದು ಹೊಲದ ದಾರಿ ಹಿಡಿದೆ. ನಮ್ಮ ಕಡೆಯ ಎರಿ ಮಣ್ಣು ನೋಡಿದವರಿಗೆ ಗೊತ್ತು. ಒಣಗಿದರೆ ಕಲ್ಲು, ನೆನೆದರೆ ಅಂಟು. ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಮೆತ್ತಿಕೊಂಡು ಗಾಡಿ ಮುಂದೆ ಹೋಗ್ತಾನೇ ಇಲ್ಲ. ನಾನು ಬಿಡಲಿಲ್ಲ. ಫಸ್ಟ್ ಗೇರ್‌ನಲ್ಲೇ ಒಂದು ಕಿಲೋಮೀಟರ್ ಎಳೆಸಿದೆ. ಆಮೇಲೆ 'ಕಿರ್ರ್' ಅಂತ ಒಂದು ಸದ್ದು. ಹಿಂದಿನ ಚಕ್ರ ಲಾಕ್. ಗಾಡಿ ಬದುವಿನ ಈ ಕಡೆ, ನಾನು ಆ ಕಡೆ. ಇಂಜಿನ್ ಸೀಜ್ ಆಗಿತ್ತು.

ಪಕ್ಕದ ಹೊಲದವರ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹಾಕಿಕೊಂಡು ಮನೆಗೆ ತಂದೆ. ಅಪ್ಪ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಪೆಟ್ರೋಲಿನಾಗ ಆಯಿಲ್ ಎಷ್ಟ ಹಾಕಿದ್ದಿ?"

ನಾನು ಅಂದಾಜಿಗೆ ಹಾಕಿದ್ದೆ. ಉತ್ತರ ಹೇಳಲಿಲ್ಲ.

ಮರುವಾರ ದೊಡ್ಡ ಊರಿನ ಒಂದು ಗ್ಯಾರೇಜಿಗೆ ಗಾಡಿ ಒಯ್ದೆ. ಎಸ್ಟಿಮೇಟ್ ಬಂತು: 38,000 ರೂಪಾಯಿ. ಅದೇ ಹೊತ್ತಿಗೆ ಬೆಂಗಳೂರಿನವರೊಬ್ಬರು ಹಳೇ ಗಾಡಿ ಹುಡುಕುತ್ತಾ ಫೋನ್ ಮಾಡಿ, ಸೀಜ್ ಆಗಿದ್ದರೂ ಪರವಾಗಿಲ್ಲ, 60,000 ಕೊಡ್ತೀನಿ ಅಂದರು. ಅವ್ವ ಅಂದಳು, "ಕೊಟ್ಟುಬಿಡ್ರಿ, ಮನ್ಯಾಗ ಜಾಗಾ ಆದ್ರೂ ಆಗ್ತದ." ಅಪ್ಪ ನನ್ನ ಮುಖ ನೋಡಿದರು: "ಬಿ.ಕಾಂ. ಓದೀಯಲ್ಲ? ಲೆಕ್ಕಾ ನೀನ ಮಾಡು."

ಸರಿ, ಲೆಕ್ಕ ಮಾಡೋಕೆ ಕೂತೆ. ಎಕ್ಸೆಲ್ ಶೀಟ್‌ನಿಂದ ಶುರುವಾದದ್ದು ಅಪ್ಪನ ಹಳೇ ಖರ್ಚಿನ ವಹಿಗೆ ಹೋಯ್ತು, ಅಲ್ಲಿಂದ ಮೈಸೂರಿನ ಒಂದು ಕಾರ್ಖಾನೆಗೆ. ನನ್ನ ಪ್ರಶ್ನೆ ಒಂದೇ. ಆವಾಗ ಇಂಥ ದಾರಿಯಲ್ಲಿ ಇಂಥ ಗಾಡಿಯನ್ನ ಅಷ್ಟು ಕಡಿಮೆ ದುಡ್ಡಲ್ಲಿ ಓಡಿಸಿದರಲ್ಲ, ಅದು ಅಗ್ಗ ಆಗಿದ್ದು ಯಾರಿಂದ?

ಮಣ್ಣಿನ ಆಟಕ್ಕೂ ಒಂದು ಹುಟ್ಟಿದ ದಿನ

ಮೋಜಿಗೆ ಅಂತ ಮಣ್ಣಲ್ಲಿ ಬೈಕ್ ಓಡಿಸೋದು ಹೊಸದೇನಲ್ಲ. 1924ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿ ಅನ್ನೋ ಊರಿನ ಹತ್ತಿರ ಗುಡ್ಡ, ಹಳ್ಳ, ಕೆಸರಿನ ನಡುವೆ ಒಂದು ರೇಸ್ ನಡೀತು. ಅದಕ್ಕೆ 'ಸ್ಕ್ರ್ಯಾಂಬಲ್' ಅಂತ ಹೆಸರು ಬಿತ್ತು. ಮುಂದೆ ಅದೇ ಮೋಟೊಕ್ರಾಸ್ ಆಯ್ತು.

ಮೊದಲ ಕೆಲವು ದಶಕ ಈ ಆಟದಲ್ಲಿ ಭಾರದ ಫೋರ್-ಸ್ಟ್ರೋಕ್ ಗಾಡಿಗಳದ್ದೇ ದರ್ಬಾರು. 1960ರ ದಶಕದಲ್ಲಿ ಲೆಕ್ಕ ಉಲ್ಟಾ ಆಯ್ತು. ಹಗುರವಾದ ಟೂ-ಸ್ಟ್ರೋಕ್‌ಗಳು ಬಂದವು. ಅದರಲ್ಲಿ ಒಂದು ಜೆಕೊಸ್ಲೊವಾಕಿಯಾದ ಸಿ.ಝಡ್. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದದ್ದು ಸಿ.ಝಡ್. ಮೇಲೆ. 1968ರಲ್ಲಿ ಯಮಾಹಾ ಡಿಟಿ-1 ಅನ್ನೋ ಗಾಡಿ ತಂತು. ವಾರವೆಲ್ಲ ಅದರ ಮೇಲೆ ಕೆಲಸಕ್ಕೆ ಹೋಗಬಹುದು, ಭಾನುವಾರ ಅದರಲ್ಲೇ ಗುಡ್ಡ ಹತ್ತಬಹುದು. ರೇಸರ್ ಅಲ್ಲದ, ಬರೀ ಖುಷಿಗೆ ಓಡಿಸೋ ಸಾಮಾನ್ಯ ಮನುಷ್ಯನಿಗೆ ಅಮೆರಿಕದಲ್ಲಿ ಮಣ್ಣಿನ ದಾರಿ ತೆರೆದದ್ದು ಹೆಚ್ಚುಕಡಿಮೆ ಅಲ್ಲಿಂದ.

ನಮ್ಮಲ್ಲಿ ಆಗ ಡಿಟಿ-1 ಸಿಗೋ ಮಾತೇ ಇರಲಿಲ್ಲ. ಲೈಸೆನ್ಸ್ ರಾಜ್, ಆಮದಿಗೆ ನೂರೆಂಟು ನಿರ್ಬಂಧ. ಆದರೆ ಸಿ.ಝಡ್.ನ ಜೋಡಿ ಕಂಪನಿ ಒಂದಿತ್ತು, ಜಾವಾ. 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಅನ್ನೋ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗ ಕೊಂಡು, ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಇಟ್ಟ ಹೆಸರದು. ಆ ಜಾವಾ ನಮ್ಮ ರಾಜ್ಯಕ್ಕೇ ಬಂತು.

ಯಾದವಗಿರಿಯ ಕಾರ್ಖಾನೆ

ಮುಂಬೈನ ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಮತ್ತು ಅವರ ಜತೆ ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದರು. 1961ರಲ್ಲಿ ಕಾರ್ಖಾನೆಯನ್ನ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್, ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. ಮೊದಲು ಜಾವಾ ಹೆಸರಲ್ಲೇ ಗಾಡಿ ಬಂದವು. 1973ರಿಂದ ಅದೇ ವಂಶದ ಗಾಡಿಗಳಿಗೆ ಯೆಜ್ಡಿ ಅಂತ ಹೆಸರಾಯ್ತು. ಇರಾನಿನ ಯಜ್ದ್ ಊರಿಂದ ಬಂದ ಹೆಸರು ಅಂತಾರೆ. ತಮಾಷೆ ಅಂದ್ರೆ ಜೆಕ್ ಭಾಷೆಯಲ್ಲೂ ಇದೇ ಥರದ ಒಂದು ಪದಕ್ಕೆ 'ಓಡುತ್ತೆ' ಅನ್ನೋ ಅರ್ಥ ಇದೆ. 1978ರಲ್ಲಿ ರೋಡ್‌ಕಿಂಗ್ ಬಂತು.

ಈ ಗಾಡಿ ಡರ್ಟ್ ಬೈಕ್ ಅಲ್ಲ. ಆದರೆ ಕೆಟ್ಟ ರಸ್ತೆಯ ದೇಶಕ್ಕೆ ಹೊಂದುವ ಗಾಡಿ. ಅದರ ಕೆಲವು ಸಂಗತಿ ಹೇಳ್ತೀನಿ. ಮೆಂಟೆನೆನ್ಸ್ ಅಗ್ಗ ಆಗಿದ್ದರ ಮೊದಲ ಕಾರಣ ಇಲ್ಲೇ ಇದೆ.

ಒಂದು, ಟೂ-ಸ್ಟ್ರೋಕ್ ಇಂಜಿನ್. ಅದರಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಮೇಲೆ ಪಿಸ್ಟನ್, ಕೆಳಗೆ ಕ್ರ್ಯಾಂಕ್, ನಡುವೆ ಒಂದು ಕನೆಕ್ಟಿಂಗ್ ರಾಡ್. ಸವೆಯೋ ಭಾಗ ಕಡಿಮೆ ಇದ್ದರೆ ಖರ್ಚೂ ಕಡಿಮೆ. ಸಿಲಿಂಡರ್ ಸವೆದರೆ ಬಿಸಾಕಬೇಕಿಲ್ಲ. ಲೇತ್‌ನವರ ಹತ್ತಿರ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದರೆ ಮತ್ತೆ ವರ್ಷಗಟ್ಟಲೆ ಓಡುತ್ತೆ. "ಇಂಜಿನ್ ಬೋರಿಗೆ ಬಂದದ" ಅನ್ನೋ ಮಾತು ನಮ್ಮ ಗ್ಯಾರೇಜುಗಳಲ್ಲಿ ಹುಟ್ಟಿದ್ದೇ ಈ ಕಾರಣಕ್ಕೆ.

ಎರಡು, ಪೂರ್ತಿ ಮುಚ್ಚಿದ ಚೈನ್‌ಕವರ್. ಮಣ್ಣು, ಧೂಳು ಚೈನಿಗೆ ತಾಗೋದೇ ಕಡಿಮೆ. ಇವತ್ತಿನ ಆಫ್‌ರೋಡ್ ಗಾಡಿಗಳಲ್ಲಿ ಚೈನ್ ಬಯಲಿಗೇ ಇರುತ್ತೆ, ಅದಕ್ಕೇ ಚೈನ್-ಸ್ಪ್ರಾಕೆಟ್ ಖರ್ಚು ಜಾಸ್ತಿ.

ಮೂರು, ಅರೆ-ಆಟೋಮ್ಯಾಟಿಕ್ ಕ್ಲಚ್. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ. ಹೊಲದ ನಡುವೆ ಕ್ಲಚ್ ಕೇಬಲ್ ಹರಿದರೂ ಮನೆ ಮುಟ್ಟಬಹುದು. ಕಿಕ್ ಲಿವರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಮುಂದಕ್ಕೆ ತಿರುಗಿಸಿದರೆ ಗೇರ್, ಎತ್ತಿ ಹಿಂದಕ್ಕೆ ಮಾಡಿದರೆ ಕಿಕ್.

ಜತೆಗೆ ಟೂಲ್ ಕಿಟ್. ಆ ಕಾಲದ ಗಾಡಿಯನ್ನ ಕೊಂಡವನು ತಾನೇ ಬಿಚ್ಚಿ ಜೋಡಿಸ್ತಾನೆ ಅನ್ನೋ ನಂಬಿಕೆಯಿಂದಲೇ ಮಾಡ್ತಿದ್ದರು.

ಹತ್ತಿ ದುಡ್ಡು, ಫಟಫಟಿ

ಈಗ ಮೈಸೂರಿನಿಂದ ನಮ್ಮೂರಿಗೆ ಬರೋಣ. ಧಾರವಾಡ ಜಿಲ್ಲೆಯ ಎರಿ ಹೊಲಗಳಿಗೆ ಇಂಥ ಗಾಡಿ ಕೊಳ್ಳೋ ದುಡ್ಡು ಎಲ್ಲಿಂದ ಬಂತು?

ನಮ್ಮ ಮನೆ ಮಟ್ಟಿಗೆ ಉತ್ತರ ಹತ್ತಿ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ಅವರ ಕೆಲಸದಿಂದ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಿಡುಗಡೆ ಆಯ್ತು. ಅದೇ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭಾ ಕಾಲುವೆ ನೀರು ಈ ಕಡೆ ಹರಿಯೋಕೆ ಶುರುವಾಯ್ತು. ಎಲ್ಲರಿಗೂ ಸುಖ ಬಂತು ಅಂತ ಅಲ್ಲ. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಅಂತ ವಸೂಲಿಗೆ ಬಂದಾಗ ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದದಲ್ಲಿ ಗೋಲಿಬಾರ್ ಆಯ್ತು. ನಾನು ಮೋಜಿಗೆ ಗಾಡಿ ಓಡಿಸೋ ಕಾಲುವೆ ದಂಡೆಗೆ ಇಂಥದ್ದೊಂದು ಇತಿಹಾಸ ಇದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಅಪ್ಪ 1988ರಲ್ಲಿ, ಹತ್ತಿ ಚೆನ್ನಾಗಿ ಬಂದ ವರ್ಷ, ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಗೊಂಡರು. ಅಜ್ಜ ಅದನ್ನ ಕೊನೇವರೆಗೂ 'ಫಟಫಟಿ' ಅಂತಲೇ ಕರೆದರು. ಅಪ್ಪನಿಗೆ ಆಫ್‌ರೋಡ್ ಅನ್ನೋ ಪದ ಗೊತ್ತಿರಲಿಲ್ಲ, ಯಾಕಂದ್ರೆ ನಮ್ಮ ಮನೆ ಇದ್ದದ್ದೇ ಆಫ್‌ರೋಡ್‌ನಲ್ಲಿ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದರೆ ಸುತ್ತು ಹಾಕಿ ಬರಬೇಕು. ಸುತ್ತು ಅಂದ್ರೆ ಬಂಡಿ ದಾರಿ.

ಅವರ ವಹಿಯಲ್ಲಿ ಗಾಡಿಗೆ ಅಂತ ಬೇರೆ ಪುಟಗಳಿವೆ, 1988ರಿಂದ 2004ರವರೆಗೆ. ಆ ಹದಿನಾರು ವರ್ಷದಲ್ಲಿ ಗ್ಯಾರೇಜಿಗೆ ಹೋದ ಲೆಕ್ಕ 23 ಸಲ. ಉಳಿದ ಸಾಲುಗಳ ಮುಂದೆ ಒಂದೇ ಶಬ್ದ: 'ಸ್ವಂತ'. ಪ್ಲಗ್ ತೊಳೆದದ್ದು, ಸ್ವಂತ. ಪಾಯಿಂಟ್ ಸೆಟ್ ಮಾಡಿದ್ದು, ಸ್ವಂತ. ಸೈಲೆನ್ಸರ್ ಸುಟ್ಟದ್ದು, ಸ್ವಂತ.

ಸೈಲೆನ್ಸರ್ ಸುಡೋದು ಅಂದ್ರೆ ಹೊಸ ಕಾಲದವರಿಗೆ ವಿಚಿತ್ರ ಅನ್ನಿಸಬಹುದು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜತೆ ಆಯಿಲ್ಲೂ ಸುಡುತ್ತೆ. ಅದರ ಮಸಿ ಸೈಲೆನ್ಸರ್ ಒಳಗೆ ಕಟ್ಟಿಕೊಂಡು ಗಾಡಿಗೆ ಉಸಿರು ಕಟ್ಟುತ್ತೆ, ಎಳೆತ ಬಿದ್ದುಹೋಗುತ್ತೆ. ಒಳಗಿನ ಕೊಳವೆ ಬಿಚ್ಚಿ ಬೆಂಕಿಯಲ್ಲಿ ಕಾಯಿಸಿ ಮಸಿ ಕೆರೆದರೆ ಗಾಡಿ ಮತ್ತೆ ಹುರುಪಾಗುತ್ತೆ. ಖರ್ಚು ಒಂದು ಪಾನಾ, ಒಂದು ಹೊತ್ತಿನ ಬಿಡುವು.

ಇನ್ನೊಂದು ಸಾಲು ಮಳೆಗಾಲದ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತೆ: 'ಮಣ್ಣು ತೆಗೆದದ್ದು.' ದುಡ್ಡಿನ ಕಾಲಮಿನಲ್ಲಿ ಸೊನ್ನೆ. ಸೊನ್ನೆ ಖರ್ಚನ್ನ ಯಾಕೆ ಬರೆದರು ಅಂತ ಕೇಳಿದೆ.

"ಎತ್ತು ಹೊಲದಿಂದ ಬಂದ ಮ್ಯಾಲ ಮೈ ತಿಕ್ಕದ ಕಟ್ಟತೀವೇನು? ಇಂಜಿನ್ನಿಗೂ ಹಂಗ. ಆ ಪಟ್ಟಿ ನಡುವ ಮಣ್ಣ ಕೂತ್ರ ಗಾಳಿ ಆಡಂಗಿಲ್ಲ."

ಪಟ್ಟಿ ಅಂದ್ರೆ ಸಿಲಿಂಡರ್ ಮೇಲಿನ ಫಿನ್ಸ್. ಗಾಳಿಯಿಂದ ತಣ್ಣಗಾಗೋ ಇಂಜಿನ್ನಿಗೆ ಅದೇ ರೇಡಿಯೇಟರ್. ಅಲ್ಲಿ ಎರಿ ಮಣ್ಣು ಒಣಗಿ ಕೂತರೆ ಶಾಖ ಹೊರಗೆ ಹೋಗಲ್ಲ. ನನ್ನ ಇಂಜಿನ್ ಸೀಜ್ ಆಗಿದ್ದರ ಅರ್ಧ ಕಾರಣ ಸಿಕ್ಕಿತು. ಉಳಿದರ್ಧ, ಆಯಿಲ್. ಅಪ್ಪ ಲೀಟರಿಗೆ 40 ಮಿಲಿ ಅಳತೆ ಮಾಡಿ ಹಾಕ್ತಿದ್ದರು, ಔಷಧಿ ಬಾಟಲಿಯ ಮುಚ್ಚಳದಲ್ಲಿ. ಸೊನ್ನೆ ರೂಪಾಯಿಯ ಎರಡು ಕೆಲಸ ಬಿಟ್ಟಿದ್ದಕ್ಕೆ ನನಗೆ ಬಂದ ಬಿಲ್ಲು 38,000.

'ಮರೆತುಬಿಡು' ಅಂದ ಜಾಹೀರಾತು

1985 ನಮ್ಮ ದೇಶದ ದ್ವಿಚಕ್ರದ ಇತಿಹಾಸದಲ್ಲಿ ದೊಡ್ಡ ವರ್ಷ. ಒಂದು ಕಡೆ ಯಮಾಹಾ ಆರ್‌ಎಕ್ಸ್ 100 ಬಂತು. ಅದೂ ಟೂ-ಸ್ಟ್ರೋಕ್, ಹಗುರ, ಮೆಕ್ಯಾನಿಕ್‌ಗಳ ಮುದ್ದಿನ ಗಾಡಿ. ಇನ್ನೊಂದು ಕಡೆ ಹೀರೊ ಹೋಂಡಾ ಸಿಡಿ 100. ಫೋರ್-ಸ್ಟ್ರೋಕ್, ಪೆಟ್ರೋಲ್ ಕುಡಿಯೋದೇ ಇಲ್ಲ ಅನ್ನೋ ಹಾಗೆ ಮೈಲೇಜ್. ಅದರ ಜಾಹೀರಾತು ನಿಮ್ಮ ಮನೆ ಹಿರಿಯರಿಗೆ ನೆನಪಿರುತ್ತೆ: 'ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್.' ಪೆಟ್ರೋಲ್ ತುಂಬಿಸು, ಮುಚ್ಚಳ ಹಾಕು, ಮರೆತುಬಿಡು.

ಜನ ನಿಜವಾಗಿಯೂ ಮರೆತರು. ಅದು ತಪ್ಪು ಅಂತ ನಾನು ಹೇಳಲ್ಲ. ದಿನಾ ಕೆಲಸಕ್ಕೆ ಹೋಗೋನಿಗೆ ಮರೆಯಬಹುದಾದ ಗಾಡಿಯೇ ಒಳ್ಳೇದು. ಆದರೆ ಮರೆತ ಜತೆ ಒಂದು ವಿದ್ಯೆಯೂ ಹೋಯ್ತು. ಅಪ್ಪನ ವಹಿಯಲ್ಲಿ 'ಸ್ವಂತ' ಅಂತ ಇದ್ದ ಕೆಲಸ ನನ್ನ ಕಾಲಕ್ಕೆ 'ಸರ್ವಿಸ್ ಚಾರ್ಜ್' ಆಯ್ತು.

ಯೆಜ್ಡಿಗೆ ಕಾಲ ಕೂಡಿ ಬರಲಿಲ್ಲ. 1991ರಲ್ಲಿ ಪೆಟ್ರೋಲ್ ವಾಹನಗಳ ಹೊಗೆಗೆ ಮೊದಲ ಮಿತಿ ಬಂತು, 1996ರಲ್ಲಿ ಅದು ಇನ್ನಷ್ಟು ಬಿಗಿಯಾಯ್ತು. ಮಾರುಕಟ್ಟೆ ಮೈಲೇಜ್ ಕಡೆ ವಾಲಿತ್ತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಹೋದ ಮೇಲೆ ಗಾಡಿ ಸಾಯಬೇಕಿತ್ತು, ಸಾಯಲಿಲ್ಲ. ಅಳತೆ ಗೊತ್ತಿದ್ದ ಲೇತ್‌ಗಳು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳು, ಊರೂರಿನ ಗುಜರಿ ಅಂಗಡಿಗಳು ಅದನ್ನ ಉಳಿಸಿದವು. ಪ್ರೀತಿಯಿಂದ ಇಟ್ಟುಕೊಂಡವರೂ ಬಿಡಲಿಲ್ಲ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೆಂಗಳೂರು, ಮೈಸೂರಲ್ಲಿ ಹೊಗೆ ಎಬ್ಬಿಸಿಕೊಂಡು ಸೇರ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯಿಂದ ಮತ್ತೆ ರಸ್ತೆಗೆ ಬಂತು. ಆದರೆ ಅವು ಫೋರ್-ಸ್ಟ್ರೋಕ್, ಬೇರೆಯೇ ಗಾಡಿ.

ಈಗಿನ ಮಣ್ಣಿನ ಗಾಡಿ

ಹಾಗಾದ್ರೆ ಇವತ್ತಿನ ನಮ್ಮಂಥವರಿಗೆ ಏನಿದೆ?

ಅಸಲಿ ಮೋಟೊಕ್ರಾಸ್ ಬೈಕ್ ಅಂದ್ರೆ ಲಕ್ಷಗಟ್ಟಲೆ. ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ರಸ್ತೆ ಮೇಲೆ ಓಡಿಸೋ ಹಾಗಿಲ್ಲ. ಟ್ರ್ಯಾಕ್‌ವರೆಗೆ ಹೊತ್ತುಕೊಂಡೇ ಹೋಗಬೇಕು. ಕಡಿಮೆ ದುಡ್ಡಿನ ದಾರಿ ತೆರೆದದ್ದು 2011ರಲ್ಲಿ ಹೀರೊ ಇಂಪಲ್ಸ್ ಬಂದಾಗ. 150 ಸಿಸಿ, ಎತ್ತರದ ಮಡ್‌ಗಾರ್ಡ್, ಉದ್ದನೆ ಶಾಕಪ್. ಹೆಚ್ಚು ದಿನ ಬಾಳಲಿಲ್ಲ. 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು, ಕಾರ್ಬೋರೇಟರ್ ಇದ್ದದ್ದರ ಶುರುವಿನ ಶೋರೂಮ್ ಬೆಲೆ 97,000 ರೂಪಾಯಿ. ನಮ್ಮ ಕಡೆ ಭಾನುವಾರದ ಹುಡುಗರ ಗುಂಪಲ್ಲಿ ಈಗ ಇದೇ ಜಾಸ್ತಿ.

ಆ ಎತ್ತರದ ಮಡ್‌ಗಾರ್ಡ್ ನೋಡಿದಾಗೆಲ್ಲ ನನಗೆ ನಗು ಬರುತ್ತೆ. ಚಕ್ರಕ್ಕೆ ಮಣ್ಣು ಮೆತ್ತದಿರಲಿ ಅಂತ ಅಷ್ಟು ಎತ್ತರ ಇಡೋದು. ನಮ್ಮೂರಲ್ಲಿ ಮಳೆಗಾಲ ಬಂದ್ರೆ ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿ ಅಟ್ಟಕ್ಕೆ ಹಾಕ್ತಿದ್ದರು. ಕಾರ್ಖಾನೆಯ ಇಂಜಿನಿಯರ್‌ಗೂ ನಮ್ಮ ಊರಿನ ರೈತನಿಗೂ ಮಣ್ಣು ಕಲಿಸಿದ ಪಾಠ ಒಂದೇ.

ಈ ಆಟದಲ್ಲಿ ನಮ್ಮವರು ದೂರ ಹೋಗಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ವರ್ಷ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅವರ ಹಿಂದೆ ತಂಡ, ಮೆಕ್ಯಾನಿಕ್, ಸ್ಪಾನ್ಸರ್ ಇರ್ತಾರೆ. ನನ್ನ ನಿಮ್ಮ ಹಿಂದೆ ಇರೋದು ಮನೆಯವರ ಗೊಣಗಾಟ ಮಾತ್ರ.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಿಗೆ ಫ್ಯೂಯೆಲ್ ಇಂಜೆಕ್ಷನ್, ಸೆನ್ಸರ್ ಎಲ್ಲ ಬಂದವು. ಹೊಗೆ ಕಡಿಮೆ ಆಯ್ತು. ಅದು ಒಳ್ಳೇದೇ. ನನ್ನ ಯೆಜ್ಡಿ ಬಿಡೋ ನೀಲಿ ಹೊಗೆಯನ್ನ ಸಮರ್ಥಿಸಿಕೊಳ್ಳೋ ಧೈರ್ಯ ನನಗಿಲ್ಲ. ಆದರೆ ಎರರ್ ಲೈಟ್ ಹತ್ತಿದರೆ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಅಣ್ಣಿಗೇರಿಯ ಸಣ್ಣ ಗ್ಯಾರೇಜಿನಲ್ಲಿ ಇರಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿತು. ಕೊಂಡ ವಸ್ತುವನ್ನ ರಿಪೇರಿ ಮಾಡಿಕೊಳ್ಳೋ ಮಾಹಿತಿ ಗ್ರಾಹಕನಿಗೆ ಸಿಗಬೇಕು ಅನ್ನೋದು ಅದರ ಉದ್ದೇಶ. ಅಪ್ಪನ ಕಾಲದಲ್ಲಿ ಟೂಲ್ ಕಿಟ್ ರೂಪದಲ್ಲಿ ಗಾಡಿ ಜತೆಗೇ ಬರ್ತಿದ್ದದ್ದನ್ನ ಈಗ ಹಕ್ಕು ಅಂತ ಕೇಳಬೇಕಾಗಿದೆ.

ಚಾಚಾ ಮಾಡಿದ ಬಿಲ್ಲು

ಮತ್ತೆ ನನ್ನ ಸೀಜ್ ಆದ ಇಂಜಿನ್ನಿಗೆ ಬರ್ತೀನಿ. ಅಪ್ಪ ಒಂದು ವಿಳಾಸ ಕೊಟ್ಟರು. ವಯಸ್ಸು ಅರವತ್ತು ದಾಟಿದ ಒಬ್ಬ ಮೆಕ್ಯಾನಿಕ್. ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೀತೀನಿ. ಅವರು ಗಾಡಿ ನೋಡಿ, "ಮಾಡೂಣು. ಖರೆ ನೀ ಕೂಡಬೇಕು ಜೋಡಿ. ನನಗ ಈಗ ಕಣ್ಣ ಕಾಣಂಗಿಲ್ಲ, ಹುಡುಗುರೂ ಯಾರಿಲ್ಲ" ಅಂದರು.

ಐದು ದಿನ ಕೂತೆ. ನಟ್ಟು ಬಿಚ್ಚಿದೆ, ಡೀಸೆಲ್‌ನಲ್ಲಿ ತೊಳೆದೆ, ಲೇತ್‌ಗೆ ಒಯ್ದೆ, ತಂದೆ. ಕೊನೆಗೆ ಬಿಲ್ಲು ಇಷ್ಟು. ಪಿಸ್ಟನ್-ರಿಂಗ್ ಸೆಟ್ 2,400. ಬೋರಿಂಗ್ 800. ಕ್ರ್ಯಾಂಕ್ ಕೆಲಸ, ರಾಡ್, ಬೇರಿಂಗ್ ಸೇರಿ 4,300. ಸೀಲ್, ಗ್ಯಾಸ್ಕೆಟ್ 900. ಪ್ಲಗ್, ಕೇಬಲ್, ಚಿಲ್ಲರೆ 700. ಚಾಚಾ ಅವರ ಮಜೂರಿ 1,500. ಒಟ್ಟು 10,600.

38,000 ಎಲ್ಲಿ, 10,600 ಎಲ್ಲಿ! ನಾನು ಖುಷಿಯಲ್ಲಿ ತೇಲಾಡಿದೆ. ಪಾಡ್‌ಕಾಸ್ಟ್‌ಗೆ ಟೈಟಲ್ ಕೂಡ ಯೋಚಿಸಿಬಿಟ್ಟೆ.

ರಾತ್ರಿ ಮಲಗಿದಾಗ ಬಿ.ಕಾಂ. ತಲೆ ಸುಮ್ಮನಿರಲಿಲ್ಲ. 1,500 ಭಾಗಿಸು 5. ದಿನಕ್ಕೆ 300. ಕರ್ನಾಟಕದಲ್ಲಿ 2025-26ಕ್ಕೆ ನರೇಗಾ ದಿನಗೂಲಿ 370 ರೂಪಾಯಿ. ನಲವತ್ತೈದು ವರ್ಷದ ಅನುಭವದ ಕೈಗೆ ನಾನು ಕೊಟ್ಟದ್ದು ಅದಕ್ಕಿಂತ ಕಡಿಮೆ.

ಮರುದಿನ ಅಪ್ಪನ ವಹಿ ಮತ್ತೆ ತೆಗೆದೆ. ಮೊದಲು ಕಣ್ಣಿಗೆ ಬೀಳದ ಒಂದು ಸಾಲು ಈಗ ಕಂಡಿತು. ಗ್ಯಾರೇಜಿಗೆ ಹೋದ ಲೆಕ್ಕಗಳ ಕೆಳಗೆ ಅಲ್ಲಲ್ಲಿ: 'ಹುಡುಗಗ ಚಹಾ, 50 ಪೈಸೆ.' ಯಾವ ಹುಡುಗ ಅಂತ ಅಪ್ಪನಿಗೆ ನೆನಪಿಲ್ಲ. "ಗ್ಯಾರೇಜಿನ್ಯಾಗ ಇರ್ತಿದ್ವಲ್ಲ, ಸಣ್ಣ ಹುಡುಗ್ರು" ಅಂದರು.

ಇರ್ತಿದ್ದರು. ಪ್ರತಿ ಗ್ಯಾರೇಜಿನಲ್ಲೂ ಒಬ್ಬ ಚೋಟು. ಚಾಚಾ ಕೂಡ ಹಾಗೇ ಬಂದವರು. ಹನ್ನೊಂದನೇ ವಯಸ್ಸಿಗೆ ಹುಬ್ಬಳ್ಳಿಯ ಒಂದು ಗ್ಯಾರೇಜು ಸೇರಿದರು. ಎರಡು ವರ್ಷ ಬರೀ ಊಟ, ಚಹಾ, ಪಾನಾ ಎತ್ತಿಕೊಡೋ ಕೆಲಸ. ಚಳಿಗಾಲದಲ್ಲೂ ಕೈ ಸೀಮೆಎಣ್ಣೆಯಲ್ಲೇ. ನಾನು ವಹಿಯ ಸಾಲು ಓದಿ ಹೇಳಿದಾಗ ಅವರು ನಕ್ಕರು. "ನಮ್ಮ ಕೈ ಸೀಳಿದ್ದಕ್ಕ ನಿಮ್ಮ ಅಪ್ಪಗ ಸೋವಿ ಬಿತ್ತು, ತಮ್ಮಾ. ಖರೆ ಅವರ ತಪ್ಪಲ್ಲ ಬಿಡು, ಎಲ್ಲಾರೂ ಹಂಗ ಇದ್ರು."

1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ವಾಹನ ರಿಪೇರಿ, ಅದರ ಜತೆಯ ವೆಲ್ಡಿಂಗ್, ಲೇತ್ ಕೆಲಸ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಗೆ ಮುಂದೆ ಸೇರಿತು. 2016ರ ತಿದ್ದುಪಡಿ ಆದ ಮೇಲೆ, ಕೆಲವೇ ವಿನಾಯಿತಿ ಬಿಟ್ಟು, 14 ವರ್ಷದೊಳಗಿನವರನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳೋ ಹಾಗಿಲ್ಲ. ಚಾಚಾ ಅವರ ಗ್ಯಾರೇಜಿನಲ್ಲಿ ಹುಡುಗರಿಲ್ಲ ಅಂದ್ರೆ ಅದು ದುಃಖದ ಸಂಗತಿ ಅಲ್ಲ. ಆ ಹುಡುಗರು ಶಾಲೆಯಲ್ಲಿದ್ದಾರೆ, ಇರಬೇಕು.

ಹಳೇ ಗಾಡಿ, ಹಳೇ ಮೆಕ್ಯಾನಿಕ್, ಹಳೇ ಕಾಲ ಅಂತ ನಾವು ರೀಲ್ಸ್ ಮಾಡ್ತೀವಲ್ಲ, ಅಲ್ಲಿ ಈ ಐವತ್ತು ಪೈಸೆ ಕಾಣಲ್ಲ.

ಲೆಕ್ಕ ಮತ್ತೊಂದು ಸಲ

ಹಾಗಾದ್ರೆ ಅಗ್ಗದ ಮೆಂಟೆನೆನ್ಸ್ ಅನ್ನೋದೇ ಸುಳ್ಳಾ? ಯಾರದೋ ಹೊಟ್ಟೆ ಮೇಲೆ ಹೊಡೆದೇ ನಮ್ಮ ಭಾನುವಾರದ ಖುಷಿನಾ? ಈ ಪ್ರಶ್ನೆ ಇಟ್ಟುಕೊಂಡು ಬಿಲ್ಲು ಮತ್ತೆ ಬರೆದೆ. ಚಾಚಾ ಅವರಿಗೆ ದಿನಕ್ಕೆ 800 ಅಂತ ಹಿಡಿದೆ. ಐದು ದಿನಕ್ಕೆ 4,000. ಒಟ್ಟು 13,100.

ಆಗಲೂ ಅದು 38,000ದ ಮೂರನೇ ಒಂದು ಪಾಲು ಅಷ್ಟೇ!

ಇದನ್ನ ನೋಡಿ ನನಗೇ ಆಶ್ಚರ್ಯ ಆಯ್ತು. ಅಂದ್ರೆ ಉಳಿತಾಯದ ದೊಡ್ಡ ಭಾಗ ಬಂದದ್ದು ಚಾಚಾ ಅವರ ಕಡಿಮೆ ಮಜೂರಿಯಿಂದ ಅಲ್ಲ. ಬಿಚ್ಚಿ, ಬೋರ್ ಮಾಡಿ, ಮತ್ತೆ ಕೂಡಿಸಬಹುದಾದ ಹಾಗೆ ಆ ಗಾಡಿಯನ್ನ ಮಾಡಿದ್ದರಿಂದ ಒಂದು ಪಾಲು. ತೊಳೆಯೋ, ಓಡಾಡೋ ಐದು ದಿನದ ಕೆಲಸವನ್ನ ನಾನೇ ಮಾಡಿದ್ದರಿಂದ ಇನ್ನೊಂದು ಪಾಲು. ಆ ದೊಡ್ಡ ಗ್ಯಾರೇಜನ್ನ ದೂರಲ್ಲ. ಅವರು ಎಲ್ಲ ಹೊಸ ಭಾಗ ಹಾಕೋ ಲೆಕ್ಕ ಕೊಟ್ಟಿದ್ದರು, ಬಾಡಿಗೆ, ಸಂಬಳ ಅವರಿಗೂ ಇದೆ.

ಅಪ್ಪನ ಕಾಲದಲ್ಲಿ ಗಾಡಿ ಅಗ್ಗವಾಗಿ ಓಡೋಕೆ ಮೂರು ಕಾರಣ ಇದ್ದವು: ಕಾರ್ಖಾನೆಯ ಬುದ್ಧಿ, ಒಡೆಯನ ಕೈ, ಹುಡುಗನ ಬೆವರು. ಮೊದಲ ಎರಡನ್ನ ಉಳಿಸಿಕೊಂಡು ಮೂರನೆಯದನ್ನ ಬಿಡಬಹುದು, ಲೆಕ್ಕ ಆಗಲೂ ಕೂಡುತ್ತೆ. ನಾನು ಚಾಚಾ ಅವರಿಗೆ ಉಳಿದ 2,500 ಕೊಡೋಕೆ ಹೋದೆ. ಮೊದಲು ಬೇಡ ಅಂದರು, ಆಮೇಲೆ ತಗೊಂಡರು. "ಹಂಗಿದ್ರ ಮುಂದಿನ ಸಲ ಮೊದಲ ಹೇಳ್ತೀನಿ ರೇಟು" ಅಂದರು. ಅದೇ ಸರಿ.

ಈಗ ನಿಮ್ಮ ಹತ್ತಿರ ಎಕ್ಸ್‌ಪಲ್ಸ್ ಇರಲಿ, ಹಳೇ ಆರ್‌ಎಕ್ಸ್ ಇರಲಿ, ನಾನು ಕಲಿತ ನಾಲ್ಕು ಮಾತು.

ಏರ್ ಫಿಲ್ಟರ್ ಮೊದಲು. ಬೇಸಿಗೆಯಲ್ಲಿ ನವಲಗುಂದದ ಧೂಳು, ಕಲಘಟಗಿ ಕಡೆ ಕೆಂಪು ಮಣ್ಣಿನ ಧೂಳು, ಎರಡೂ ಇಂಜಿನ್ ಒಳಗೆ ಹೋದರೆ ಸಾಣೆ ಹಿಡಿದ ಹಾಗೆ ಪಿಸ್ಟನ್ ಸವೆಸುತ್ತೆ. ಮಣ್ಣಿನ ದಾರಿಗೆ ಹೋಗಿ ಬಂದ ಪ್ರತಿ ಸಲ ಫಿಲ್ಟರ್ ತೆಗೆದು ನೋಡಿ, ರಬ್ಬರ್ ಸೀಳಿದೆಯಾ ಅಂತಾನೂ ನೋಡಿ. ಹತ್ತು ನಿಮಿಷದ ಕೆಲಸ.

ಮಣ್ಣನ್ನ ಹಸಿ ಇದ್ದಾಗಲೇ ತೆಗೀರಿ, ಫಿನ್ಸ್ ನಡುವಿನದ್ದು ಮೊದಲು, ಕೋಲಿನಿಂದ. ಇಂಜಿನ್ ಬಿಸಿ ಇದ್ದಾಗ ತಣ್ಣೀರು ಹೊಡೀಬೇಡಿ. ವಾಟರ್ ಸರ್ವಿಸ್‌ನ ಜೋರು ನೀರನ್ನ ಚಕ್ರದ ಬೇರಿಂಗ್, ಚೈನ್ ಮೇಲೆ ನೇರ ಬಿಡಿಸಬೇಡಿ. ಗ್ರೀಸ್ ಹೋಗಿ ನೀರು ಕೂರುತ್ತೆ.

ಚೈನ್ ಒರೆಸಿ ಆಯಿಲ್ ಹಾಕಿ, ಕಡ್ಡಿಗಳನ್ನ, ಅಂದ್ರೆ ಸ್ಪೋಕ್‌ಗಳನ್ನ, ಒಂದೊಂದಾಗಿ ಪಾನಾದಿಂದ ತಟ್ಟಿ. ಸದ್ದು ಮೊದ್ದಾಗಿದ್ದರೆ ಸಡಿಲ ಆಗಿದೆ ಅಂತ ಅರ್ಥ. ಟೂ-ಸ್ಟ್ರೋಕ್ ಇದ್ದರೆ ಆಯಿಲ್ ಅಳತೆ ಮಾಡಿಯೇ ಹಾಕಿ. ನನ್ನ ಕಥೆ ಕೇಳಿದ್ದೀರಿ.

ಕೊನೇದು, ಒಂದು ವಹಿ ಇಡಿ. ಫೋನಿನಲ್ಲಿ ಆದರೂ ಸರಿ. ತಿಂಗಳಿಗೆ ಇಷ್ಟು ಅಂತ ತೆಗೆದಿಟ್ಟರೆ ದೊಡ್ಡ ಖರ್ಚು ಬಂದಾಗ ಗಾಡಿ ಮಾರೋ ಮಾತು ಬರಲ್ಲ. ನಾನೀಗ ತಿಂಗಳಿಗೆ 500 ಇಡ್ತೀನಿ. 15 ವರ್ಷ ದಾಟಿದ ಗಾಡಿಯಾದರೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣದ ಖರ್ಚೂ ಅದರಲ್ಲೇ ಸೇರಿಸಿ. ಹೆಲ್ಮೆಟ್ಟಿನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹಾಂ, ಬಿತ್ತಿದ ಹೊಲದಲ್ಲಿ ಗಾಡಿ ನುಗ್ಗಿಸಬೇಡಿ. ಅದು ಯಾರದೋ ವರ್ಷದ ಅನ್ನ.

ಬೆಂಗಳೂರಿನವರಿಗೆ ಫೋನ್ ಮಾಡಿ ಗಾಡಿ ಕೊಡಲ್ಲ ಅಂತ ಹೇಳಿದೆ. ಅವ್ವ ಇನ್ನೂ ಜಾಗದ ಬಗ್ಗೆ ಗೊಣಗ್ತಾ ಇದ್ದಾಳೆ. ಚಾಚಾ ಹತ್ತಿರ ಈಗ ತಿಂಗಳಿಗೆ ಎರಡು ಭಾನುವಾರ ಹೋಗ್ತೀನಿ, ಕಲಿಯೋಕೆ. ಹೊಸ ವಹಿಯ ಮೊದಲ ಪುಟದಲ್ಲಿ ನನ್ನ ಅಕ್ಷರದಲ್ಲಿ ಮೂರು ಸಾಲಿದೆ. 'ಫಿಲ್ಟರ್ ತೊಳೆದದ್ದು, ಸ್ವಂತ. ಮಣ್ಣು ತೆಗೆದದ್ದು, ಸ್ವಂತ. ಚಾಚಾ ಮಜೂರಿ, ಅರ್ಧ ದಿನ, 400.'

ಅಪ್ಪ ಅದನ್ನ ಓದಿ ಕನ್ನಡಕ ತೆಗೆದರು. "ಆಯಿಲ್ ಎಷ್ಟ ಹಾಕಿದಿ ಅಂತ ಬರದಿಲ್ಲಲ್ಲ?"

ಬರೆದೆ. ಲೀಟರಿಗೆ 40 ಮಿಲಿ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೇ ವಹಿ, ಹಳೇ ಗಾಡಿ ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಕೇಳಿಸ್ತೀನಿ. ಮತ್ತೆ ಸಿಗೋಣ.